ಗಂಡಸರ ಸೆಕೆಗೆ ಚೀನೀ ಸೂಜಿ

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರಿ ಬೆವರು ಕಿತ್ತುಕೊಂಡು ಬರುವುದು ಎಲ್ಲರ ಮನೆಯಲ್ಲೂ ಕಂಡ ಸಂಗತಿ. ಇದೇ ಸಂಕಟ ಗಂಡಸರಿಗೂ ಬರುತ್ತದೆ ಎಂದರೆ ನಂಬುವವರು ಕಡಿಮೆ. ಆದರೆ 1896ರಲ್ಲೇ ಬಾಸ್ಟನ್ನಿನ ಶಸ್ತ್ರವೈದ್ಯ ಕ್ಯಾಬಟ್ ಇದನ್ನು ಬರೆದಿಟ್ಟಿದ್ದರು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಕಟ್ಟಿದ ಮುದುಕರ ವೃಷಣಗಳನ್ನೇ ತೆಗೆದುಹಾಕುವ ಚಿಕಿತ್ಸೆ ಆಗ ನಡೆಯುತ್ತಿತ್ತು. ಹಾಗೆ ತೆಗೆಸಿಕೊಂಡವರು ಹೆಂಗಸರಂತೆಯೇ ಮೈ ಬಿಸಿಯೇರುತ್ತದೆಂದು ದೂರಿದ್ದರು. ಆ ಚಿಕಿತ್ಸೆ ಮೂಲೆ ಸೇರಿತು, ದೂರೂ ಮರೆತುಹೋಯಿತು.

ಅದು ಮತ್ತೆ ತಲೆಯೆತ್ತಿದ್ದು ಕ್ಯಾನ್ಸರ್ ಚಿಕಿತ್ಸೆಯ ಬೆನ್ನಿಗೆ. ವೃಷಣದಲ್ಲಿ ಹುಟ್ಟುವ ಟೆಸ್ಟೋಸ್ಟೆರೋನ್ ಹಾರ್ಮೋನು ಪ್ರಾಸ್ಟೇಟ್ ಕ್ಯಾನ್ಸರಿಗೆ ಗೊಬ್ಬರವಿದ್ದಂತೆ, ಅದನ್ನು ತಡೆದರೆ ಗೆಡ್ಡೆ ಕುಗ್ಗುತ್ತದೆ ಎಂದು ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿಕೊಟ್ಟರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಮುಂದೆ ಆಂಡ್ರೂ ಷ್ಯಾಲಿ ಮತ್ತು ಸಂಗಡಿಗರು ಹಂದಿಗಳ ಮಿದುಳಿನಿಂದ ಒಂದು ಹಾರ್ಮೋನನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಬಿಡಿಸಿಟ್ಟರು. ಅದನ್ನು ಹೋಲುವ ಔಷಧಗಳನ್ನು ಸತತವಾಗಿ ಕೊಟ್ಟರೆ ವೃಷಣ ತಾನಾಗಿಯೇ ಕೆಲಸ ನಿಲ್ಲಿಸುತ್ತದೆ. ಕತ್ತಿಯ ಬದಲು ಇಂಜೆಕ್ಷನ್ ಬಂತು.

ದೇಹಕ್ಕೆ ಮಾತ್ರ ಕತ್ತಿಯೂ ಒಂದೇ, ಇಂಜೆಕ್ಷನ್ನೂ ಒಂದೇ. ಹಾರ್ಮೋನು ಕುಸಿದೊಡನೆ ಮಿದುಳಿನಲ್ಲಿ ಮೈಶಾಖವನ್ನು ಕಾಯುವ ಕೇಂದ್ರದ ತಾಳ ತಪ್ಪುತ್ತದೆ. ಸೆಕೆಯಿಲ್ಲದಿದ್ದರೂ ಸೆಕೆಯಾಯಿತೆಂದು ಅದು ಬೆವರು ಹರಿಸುತ್ತದೆ. ಈ ಚಿಕಿತ್ಸೆ ಪಡೆಯುವ ಬಹುಪಾಲು ಗಂಡಸರಿಗೆ ಇದರ ಅನುಭವ ಇದ್ದೇ ಇದೆ. ರಾತ್ರಿ ಎರಡು ಮೂರು ಸಲ ಎದ್ದು ಬನಿಯನ್ ಬದಲಿಸುವ ಎಪ್ಪತ್ತರ ಹಿರಿಯರು ಅದನ್ನು ಹೆಂಡತಿಗೂ ಹೇಳಿಕೊಳ್ಳುವುದಿಲ್ಲ. ‘ಹೆಂಗಸರ ಕಾಯಿಲೆ’ ಎಂಬ ನಾಚಿಕೆ! ಜೀವಕ್ಕೆ ಅಪಾಯವಿಲ್ಲವಲ್ಲ ಎಂದು ಡಾಕ್ಟರರೂ ಕೆದಕಿ ಕೇಳುವುದಿಲ್ಲ. ಬೇರೆ ಹಾರ್ಮೋನು ಕೊಟ್ಟು ಬಿಸಿಯನ್ನು ತಗ್ಗಿಸಬಹುದು; ಆದರೆ ಈಸ್ಟ್ರೋಜೆನ್ ಕೊಟ್ಟರೆ ರಕ್ತ ಹೆಪ್ಪುಗಟ್ಟುವ, ಹೃದಯಕ್ಕೆ ಪೆಟ್ಟಾಗುವ ಭಯ. ಹೀಗಾಗಿ ಔಷಧವಲ್ಲದ ಉಪಾಯವೊಂದಕ್ಕೆ ಬಾಗಿಲು ತೆರೆದೇ ಇತ್ತು.

ಆ ಬಾಗಿಲಲ್ಲಿ ಚೀನೀ ಸೂಜಿ ಬಂದ ದಾರಿ ಸ್ವಾರಸ್ಯಕರ. 1971ರ ಜುಲೈಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಸೈಟಿಸ್ ಆಯಿತು. ಶಸ್ತ್ರಚಿಕಿತ್ಸೆಯ ಮರುರಾತ್ರಿ ಹೊಟ್ಟೆ ಉಬ್ಬರಿಸಿ ನೋವಾದಾಗ ವೈದ್ಯರು ಅವರ ಮೊಳಕೈ ಮತ್ತು ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿದರು, ನೋವು ಇಳಿಯಿತು. ಅವರು ಬರೆದ ಲೇಖನ ಅಮೆರಿಕದಲ್ಲಿ ಸಂಚಲನವನ್ನೇ ಎಬ್ಬಿಸಿತು. ಸೂಜಿ ಚುಚ್ಚಿಯೇ ಅಪೆಂಡಿಕ್ಸ್ ತೆಗೆದರು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು, ಶಸ್ತ್ರಚಿಕಿತ್ಸೆಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆಯನ್ನೇ. (ಭಾರತಕ್ಕೆ ಈ ವಿದ್ಯೆ ಅದಕ್ಕೂ ಮೊದಲೇ ಬಂದಿತ್ತು. ಡಾ. ಕೋಟ್ನಿಸರೊಡನೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಡಾ. ಬಿ.ಕೆ. ಬಸು ಮುಂದೆ ಮತ್ತೆ ಅಲ್ಲಿಗೆ ಹೋಗಿ ಕಲಿತು ತಂದರು.)

ಸೂಜಿ ಚುಚ್ಚಿದರೆ ನೋವೇಕೆ ಇಳಿಯಬೇಕು? 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್, ಮಿದುಳು ತಾನೇ ತಯಾರಿಸುವ ಅಫೀಮಿನಂಥ ವಸ್ತುವನ್ನು ಗುರುತಿಸಿದರು. ಅಫೀಮಿನ ಪರಿಣಾಮವನ್ನು ಅಳಿಸುವ ನಾಲಾಕ್ಸೋನ್ ಎಂಬ ಔಷಧ ಕೊಟ್ಟರೆ ಸೂಜಿಯ ಪರಿಣಾಮವೂ ಅಳಿಯುತ್ತದೆ ಎಂದು 1977ರಲ್ಲಿ ಕೆಲವರು ವರದಿ ಮಾಡಿದರು. ಅಂದರೆ ಸೂಜಿ ಆ ಒಳಗಿನ ಅಫೀಮನ್ನು ಹೊರಡಿಸುತ್ತಿರಬೇಕು.

ಸ್ವೀಡನ್ನಿನ ಲಿನ್‌ಷೋಪಿಂಗ್‌ನಲ್ಲಿ ಸ್ತ್ರೀರೋಗತಜ್ಞ ಮ್ಯಾಟ್ಸ್ ಹಮ್ಮರ್ ಹಿಡಿದದ್ದು ಇದೇ ಎಳೆಯನ್ನು. ಹಾರ್ಮೋನು ಕುಸಿದಾಗ ಈ ವಸ್ತುವೂ ತಗ್ಗಿ ಶಾಖದ ತಾಳ ತಪ್ಪುವುದಾದರೆ, ಸೂಜಿಯಿಂದ ಅದನ್ನು ಮೇಲೆತ್ತಬಹುದಲ್ಲವೇ? 1995ರಲ್ಲಿ ಅವರ ತಂಡ ಮೊದಲು ಹೆಂಗಸರ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿತು. 1999ರಲ್ಲಿ ಅದೇ ತಂಡದಿಂದ ಗಂಡಸರ ಮೇಲಿನ ವರದಿ ಬಂತು. ವೃಷಣ ತೆಗೆಸಿಕೊಂಡವರು ಅಥವಾ ಔಷಧ ಪಡೆಯುತ್ತಿದ್ದವರು ಒಟ್ಟು ಏಳೇ ಜನ. ಹತ್ತು ವಾರ ಪೂರೈಸಿದ ಆರು ಜನರಲ್ಲಿ ಬಿಸಿಯೇರುವ ಸಲ ಸರಾಸರಿ ಶೇ. 70ರಷ್ಟು ಇಳಿದಿತ್ತು, ಚಿಕಿತ್ಸೆ ನಿಂತ ಮೂರು ತಿಂಗಳ ಮೇಲೂ ಅರ್ಧದಷ್ಟೇ ಇತ್ತು. 2009ರಲ್ಲಿ 31 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಬರಿಯ ಸೂಜಿ, ವಿದ್ಯುತ್ ಹಾಯಿಸಿದ ಸೂಜಿ ಎರಡರಿಂದಲೂ ಬಿಸಿ ತಗ್ಗಿತು.

ಆದರೆ ಆರು ಜನರ ಮಾತಿನಿಂದ ಶಾಸ್ತ್ರ ಕಟ್ಟಲಾಗದು. ಮೇಲಾಗಿ 1995ರ ಪರೀಕ್ಷೆಯಲ್ಲಿ ಸುಮ್ಮನೆ ಚರ್ಮದ ಮೇಲುಮೇಲೆ ಸೂಜಿ ತಾಗಿಸಿಕೊಂಡ ಹೆಂಗಸರಿಗೂ ಬಿಸಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು! 2016ರಲ್ಲಿ ಆಸ್ಟ್ರೇಲಿಯಾದಲ್ಲಿ 327 ಹೆಂಗಸರ ಮೇಲೆ ನಡೆದ ದೊಡ್ಡ ಪರೀಕ್ಷೆ ಈ ಗಂಟನ್ನು ಇನ್ನಷ್ಟು ಬಿಗಿದಿತು. ನಿಜವಾದ ಸೂಜಿಗೂ, ಚರ್ಮದೊಳಗೆ ಹೋಗದ ಮೊಂಡು ಸೂಜಿಗೂ ಫಲ ಒಂದೇ, ಸುಮಾರು ಶೇ. 40ರ ಇಳಿಕೆ. ಅಲ್ಲಿಗೆ ಗೆದ್ದದ್ದು ಸೂಜಿಯೋ, ವಾರಕ್ಕೊಮ್ಮೆ ಅರ್ಧ ಗಂಟೆ ಮಲಗಿಸಿ ಕಷ್ಟ ಕೇಳುವ ಮನುಷ್ಯನೋ? ಎರಡನೆಯದಕ್ಕೂ ಪಾಲಿದೆ ಎಂದೇ ನನ್ನ ಅನಿಸಿಕೆ. ಗಂಡಸರ ಮೇಲಿನ ಪರೀಕ್ಷೆಗಳು ಬಹುತೇಕ ಚಿಕ್ಕವೇ ಆದ್ದರಿಂದ ಅವುಗಳಿಂದ ಖಚಿತ ಉತ್ತರ ಸಿಗದು.

ಹಾಗೆಂದು ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಸೂಜಿಯಿಂದ ಕ್ಯಾನ್ಸರ್ ವಾಸಿಯಾಗದು. ಅದನ್ನು ನಂಬಿ ಹಾರ್ಮೋನು ಇಂಜೆಕ್ಷನ್ ಬಿಡಕೂಡದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು, ಪ್ರತಿಸಲವೂ ಹೊಸ ಸೂಜಿಯೇ ಆಗಬೇಕು. ಅದಕ್ಕೂ ಮೊದಲು ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ ಎಂಬುದನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕು.