ಫ್ಯಾನು ತಿರುಗುತ್ತದೆ, ಕಂಪ್ಯೂಟರ್ ಏಳುವುದಿಲ್ಲ

ಗುಂಡಿ ಒತ್ತಿದೊಡನೆ ದೀಪ ಬೆಳಗುತ್ತದೆ, ಫ್ಯಾನು ಸುಯ್ಯೆನ್ನುತ್ತದೆ. ಆದರೆ ಪರದೆ ಕಪ್ಪಗೇ ಉಳಿಯುತ್ತದೆ. ಇಲ್ಲವೇ ಇಂಗ್ಲಿಷಿನ ಒಂದು ಸಾಲು ಮೂಡಿ ಅಲ್ಲಿಗೇ ನಿಲ್ಲುತ್ತದೆ. ಈ ತೊಂದರೆಗೆ ರಿಪೇರಿ ಅಂಗಡಿಯಲ್ಲಿ ಅನೇಕ ಸಲ ಸಿಗುವ ಮೊದಲ ಉತ್ತರ ‘ಫಾರ್ಮ್ಯಾಟ್ ಮಾಡಬೇಕು ಸಾರ್’ ಎಂಬುದು. ಹಾಗೆಯೇ ಒಪ್ಪಿಕೊಂಡರೆ ಮದುವೆಯ ಚಿತ್ರಗಳಿಂದ ಹಿಡಿದು ತೆರಿಗೆಯ ಲೆಕ್ಕದವರೆಗೆ ಎಲ್ಲವೂ ಅಳಿಸಿಹೋದೀತು. ವಿಷಾದವೆಂದರೆ, ಎಷ್ಟೋ ಸಲ ದೋಷ ಹಾರ್ಡ್‌ಡಿಸ್ಕಿನಲ್ಲಿ ಇರುವುದೇ ಇಲ್ಲ.

ಕಂಪ್ಯೂಟರ್ ಏಳುವ ಕ್ರಿಯೆಗೆ ಎರಡು ಘಟ್ಟಗಳಿವೆ. ಮೊದಲು ಮದರ್‌ಬೋರ್ಡಿನಲ್ಲಿ ಅಡಗಿರುವ ಬಯೋಸ್ ಅಥವಾ ಅದರ ಉತ್ತರಾಧಿಕಾರಿಯಾದ ಯುಇಎಫ್ಐ ಎಂಬ ಪುಟ್ಟ ತಂತ್ರಾಂಶವು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್‌ಗಳನ್ನು ಪರೀಕ್ಷಿಸುತ್ತದೆ. ಇದಕ್ಕೆ ‘ಪೋಸ್ಟ್’ ಎಂದು ಹೆಸರು. ಎಲ್ಲವೂ ಸರಿಯಿದ್ದರೆ ಅದು ಡಿಸ್ಕಿನಲ್ಲಿರುವ ವಿಂಡೋಸ್ ಅಥವಾ ಲಿನಕ್ಸ್‌ಗೆ ಅಧಿಕಾರ ಹಸ್ತಾಂತರಿಸುತ್ತದೆ. ಯಂತ್ರ ಯಾವ ಘಟ್ಟದಲ್ಲಿ ನಿಂತಿದೆ ಎಂಬುದನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ತಯಾರಕರ ಲಾಂಛನವೂ ಕಾಣಿಸದಿದ್ದರೆ ತೊಂದರೆ ಬಹುತೇಕ ಮೊದಲ ಘಟ್ಟದ್ದು. ಲಾಂಛನ ಕಂಡು ಆಮೇಲೆ ನಿಂತರೆ ಎರಡನೆಯದರ ಕಡೆ ನೋಡಬೇಕು.

ಪರದೆ ಪೂರ್ತಿ ಕಪ್ಪಾಗಿದ್ದರೆ ಮಾನಿಟರ್ ಕೇಬಲಿನಿಂದ ಆರಂಭಿಸುವುದು ಲೇಸು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿ ತಲೆ ಕೆಡಿಸಿಕೊಂಡವರು ಕಡಿಮೆಯೇನಲ್ಲ. ಅನಂತರದ ಸರದಿ ರ‍್ಯಾಮ್‌ನದು. ಧೂಳು, ಮಳೆಗಾಲದ ತೇವಗಳಿಂದ ಅದರ ಲೋಹದ ಅಂಚು ಮಸುಕಾಗಿ ಸಂಪರ್ಕ ತಪ್ಪುವುದು ತೀರಾ ಸಾಮಾನ್ಯ. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಬೇಕು. ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡ ಮೇಲೆ ರ‍್ಯಾಮ್ ಹೊರತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಆ ಅಂಚನ್ನು ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಟಕ್ಕೆಂದು ಕೂರುವಂತೆ ಮತ್ತೆ ಒತ್ತಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿದಾಗ ಕೆಟ್ಟದ್ದು ತಾನಾಗಿಯೇ ಸಿಕ್ಕಿಬೀಳುತ್ತದೆ.

ಯಂತ್ರ ಬೀಪ್ ಎಂದು ಕೂಗುತ್ತಿದ್ದರೆ ಎಣಿಸಿಕೊಳ್ಳಿ. ಆ ಸಂಕೇತಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಅದರ ಪಟ್ಟಿ ಇರುತ್ತದೆ. ಅನೇಕ ಹೊಸ ಬೋರ್ಡುಗಳಲ್ಲಿ ಬೀಪಿನ ಬದಲು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿವೆ. ಯಾವುದು ಆರದೆ ಉಳಿಯುತ್ತದೋ ಅಲ್ಲೇ ದೋಷ. ಫ್ಯಾನು ತಿರುಗಿದ ಮಾತ್ರಕ್ಕೆ ಪ್ರೊಸೆಸರಿಗೆ ವಿದ್ಯುತ್ ತಲುಪಿದೆ ಎಂದು ತಿಳಿಯಬಾರದು. ಅದಕ್ಕೆ ಪ್ರತ್ಯೇಕವಾದ 4 ಅಥವಾ 8 ಪಿನ್ನಿನ ತಂತಿ ಇದೆ, ಅದು ಸಡಿಲವಾಗಿರಬಹುದು. ಆದರೆ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಇನ್ನು ಎರಡನೆಯ ಘಟ್ಟ. ‘ಬೂಟ್ ಸಾಧನ ಸಿಗಲಿಲ್ಲ’ ಎಂಬ ಅರ್ಥದ ಸಂದೇಶ ಬಂದರೆ ಗಾಬರಿ ಬೇಡ. ಮೊದಲು ಯುಎಸ್‌ಬಿ ಕಿಂಡಿಯಲ್ಲಿ ಮರೆತ ಪೆನ್‌ಡ್ರೈವ್ ಇದೆಯೇ ನೋಡಿ. ಗಡಿಯಾರ, ದಿನಾಂಕಗಳು ಹಿಂದಿನ ಯಾವುದೋ ವರ್ಷಕ್ಕೆ ಓಡಿದ್ದರೆ ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಸತ್ತಿರಬಹುದು. ಡೆಸ್ಕ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದು 3 ವೋಲ್ಟಿನ ಸಿಆರ್ 2032. ಇದು ಸತ್ತರೆ ಹಲವು ಯಂತ್ರಗಳು ಯಾವ ಡಿಸ್ಕಿನಿಂದ ಏಳಬೇಕೆಂಬ ಸೂಚನೆಯನ್ನೂ ಮರೆಯುತ್ತವೆ. ಬ್ಯಾಟರಿ ಬದಲಿಸಿ, ಬಯೋಸ್ ತೆರೆದು (ಹೆಚ್ಚಾಗಿ ಎಫ್ 2 ಅಥವಾ ಡಿಲೀಟ್ ಕೀಲಿ) ಬೂಟ್ ಕ್ರಮ ಸರಿಪಡಿಸಿದರೆ ಸಾಕು. ಅಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಸಾಟಾ ಕೇಬಲ್ ಬದಲಿಸಿ ನೋಡಬೇಕು.

ಹಳೆಯ ಮಾದರಿಯ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ ತಕ್ಷಣ ಯಂತ್ರವನ್ನು ಆರಿಸಿ. ಮತ್ತೆ ಮತ್ತೆ ಚಾಲೂ ಮಾಡುವ ಪ್ರತಿ ಪ್ರಯತ್ನವೂ ಉಳಿದ ಮಾಹಿತಿಯನ್ನು ನುಂಗುತ್ತದೆ. ಚಿತ್ರಗಳು ಬೇಕೇ ಬೇಕೆಂದಿದ್ದರೆ ಅದು ಮಾಹಿತಿ ಮರಳಿ ಪಡೆಯುವ ತಜ್ಞರ ಕೆಲಸ, ದುಬಾರಿಯೂ ಹೌದು.

ಡಿಸ್ಕು ಸದ್ದಿಲ್ಲದೆ ಗುರುತಿಗೆ ಸಿಕ್ಕರೂ ವಿಂಡೋಸ್ ಏಳದಿರುವುದುಂಟು. ಸತತ ಎರಡು ಸಲ ವಿಫಲವಾದ ಮೇಲೆ ವಿಂಡೋಸ್ 10 ಮತ್ತು 11 ತಾವಾಗಿಯೇ ದುರಸ್ತಿ ಪರದೆ ತೆರೆಯುತ್ತವೆ. ಅಲ್ಲಿ ‘ಸ್ಟಾರ್ಟಪ್ ರಿಪೇರ್’, ‘ಸೇಫ್ ಮೋಡ್’ಗಳಿವೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ಸಿಲುಕಿದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಆಗಲೂ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಕಡತ ಅಳಿಸುವುದಷ್ಟೇ ಆಗಿತ್ತು. ಆದರೆ ಬಿಟ್‌ಲಾಕರ್ ಬೀಗವಿದ್ದ ಯಂತ್ರಗಳು 48 ಅಂಕಿಗಳ ಕೀಲಿಯನ್ನು ಕೇಳಿದವು. ನಿಮ್ಮ ಯಂತ್ರವೂ ಕೇಳಬಹುದು. ಮೈಕ್ರೋಸಾಫ್ಟ್ ಖಾತೆ ಬಳಸಿದ್ದರೆ ಕೀಲಿ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತದೆ, ಮೊಬೈಲಿನಿಂದಲೇ ನೋಡಿಕೊಳ್ಳಬಹುದು.

ಇಷ್ಟಾದರೂ ಏಳದಿದ್ದರೆ ಅಂಗಡಿಗೆ ಒಯ್ಯುವ ಮುನ್ನ ಮತ್ತೊಂದು ಕಂಪ್ಯೂಟರಿನಲ್ಲಿ ಉಬುಂಟು ಲಿನಕ್ಸಿನ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಯಂತ್ರವನ್ನು ಎಬ್ಬಿಸಿ, ‘ಟ್ರೈ ಉಬುಂಟು’ ಆಯ್ದುಕೊಂಡು ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ‘ಇನ್‌ಸ್ಟಾಲ್’ ಗುಂಡಿ ಮುಟ್ಟಬೇಡಿ. ಅದೂ ಆಗದಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲಿರಿಸಿಕೊಂಡು ಉಳಿದ ಯಂತ್ರವನ್ನಷ್ಟೇ ಕೊಡಬಹುದು. ಮದರ್‌ಬೋರ್ಡ್, ರ‍್ಯಾಮ್‌ಗಳ ಪರೀಕ್ಷೆಗೆ ಡಿಸ್ಕು ಬೇಕಿಲ್ಲ.