ಹೈನ್ರಿಕ್ ಷೋಲ್ತ್ಸ್ ಮತ್ತು ಫ್ರೇಗೆಯ ಹಸ್ತಪ್ರತಿಗಳು

ಗಣಿತತರ್ಕದಲ್ಲಿ ಹೈನ್ರಿಕ್ ಷೋಲ್ತ್ಸರ (1884–1956) ಹೆಸರನ್ನು ಹೊತ್ತ ಹಿರಿಯ ಪ್ರಮೇಯವೊಂದೂ ಇಲ್ಲ. ಆದರೂ ಅವರ ಪ್ರಭಾವ ಅಲ್ಪವಾದುದಲ್ಲ. ಮೂಲತಃ ದೇವತಾಶಾಸ್ತ್ರಜ್ಞರಾಗಿದ್ದ ಇವರು 1921ರಲ್ಲಿ ಜರ್ಮನಿಯ ಕೀಲ್ ನಗರದ ಗ್ರಂಥಾಲಯದಲ್ಲಿ ವೈಟ್‌ಹೆಡ್ ಮತ್ತು ರಸೆಲರ 'ಪ್ರಿನ್ಸಿಪಿಯ ಮ್ಯಾಥಮ್ಯಾಟಿಕ'ವನ್ನು ಕಂಡರು. ಪ್ರಾಧ್ಯಾಪಕರಾಗಿದ್ದಾಗಲೇ ಗಣಿತವನ್ನು ವಿದ್ಯಾರ್ಥಿಯಂತೆ ಅಭ್ಯಸಿಸಿದರು. 1931ರಲ್ಲಿ ಪ್ರಕಟವಾದ ಅವರ ತರ್ಕಶಾಸ್ತ್ರದ ಇತಿಹಾಸ ಚಿಕ್ಕ ಪುಸ್ತಕ. ಪ್ರಾಚೀನ ಪರಂಪರೆಯನ್ನು ಹೊಸ ತರ್ಕದ ಬೆಳಕಿನಲ್ಲಿ ಓದಿದುದೇ ಅದರ ವೈಶಿಷ್ಟ್ಯ.

ಇದಕ್ಕಿಂತಲೂ ಮಿಗಿಲಾದುದು ಅವರ ಇನ್ನೊಂದು ಸೇವೆ. ಆಧುನಿಕ ತರ್ಕಶಾಸ್ತ್ರದ ಪ್ರವರ್ತಕರಾದ ಗಾಟ್‌ಲೋಬ್ ಫ್ರೇಗೆ 1925ರಲ್ಲಿ, ಬಹುಮಟ್ಟಿಗೆ ಅಜ್ಞಾತರಾಗಿಯೇ, ನಿಧನರಾದರು. ಅವರು ಬಿಟ್ಟುಹೋದ ಹಸ್ತಪ್ರತಿಗಳನ್ನು ದತ್ತುಪುತ್ರ ಆಲ್‌ಫ್ರೆಡ್ 1935ರಲ್ಲಿ, ಆಗ ಮ್ಯೂನ್‌ಸ್ಟರಿನಲ್ಲಿದ್ದ ಷೋಲ್ತ್ಸರಿಗೆ ಒಪ್ಪಿಸಿದನು. ಮುಖ್ಯವಾದವುಗಳನ್ನು ಷೋಲ್ತ್ಸರು ಬೆರಳಚ್ಚಿನಲ್ಲಿ ನಕಲು ಮಾಡಿಸಿದರು. ಯಾರೂ ಸಂಶೋಧನೆಯೆಂದು ಎಣಿಸದ ಕೆಲಸವಿದು! ಮೂಲಪ್ರತಿಗಳು ಯುದ್ಧಕಾಲದಲ್ಲಿ ನಷ್ಟವಾದವು. 1945ರ ವೈಮಾನಿಕ ದಾಳಿಯಲ್ಲಿ ಸುಟ್ಟುಹೋದುವೆಂಬುದು ರೂಢಿಯ ಮಾತು. 1969 ಮತ್ತು 1976ರಲ್ಲಿ ಅಚ್ಚಾದ ಫ್ರೇಗೆಯವರ ಉಳಿದ ಬರೆಹಗಳಿಗೂ ಪತ್ರಗಳಿಗೂ ಈ ನಕಲುಗಳೇ ಬಹುಪಾಲು ಆಧಾರ.

1952ರಲ್ಲಿ ಷೋಲ್ತ್ಸರು ಪ್ರಶ್ನೆಯೊಂದನ್ನು ಮುಂದಿಟ್ಟರು. ಪ್ರಥಮ ಕ್ರಮದ ತರ್ಕವಾಕ್ಯವೊಂದು ಎಷ್ಟೆಷ್ಟು ವಸ್ತುಗಳುಳ್ಳ ಪರಿಮಿತ ರಚನೆಗಳಲ್ಲಿ ಸತ್ಯವಾಗಬಲ್ಲುದೋ ಆ ಸಂಖ್ಯೆಗಳ ಗಣವೇ ಅದರ 'ವರ್ಣಪಟಲ'. ಬೀಜಗಣಿತದ ಕ್ಷೇತ್ರನಿಯಮಗಳಿಗಾದರೆ ಅದು ಅವಿಭಾಜ್ಯಸಂಖ್ಯೆಗಳ ಘಾತಗಳು. ಯಾವ ಗಣಗಳು ಹೀಗೆ ದೊರೆಯುತ್ತವೆ? ಈ ಪ್ರಶ್ನೆಗೂ ಗಣಕಯಂತ್ರದ ಗಣನೆಗೆ ತಗಲುವ ಕಾಲಕ್ಕೂ ನಿಕಟಸಂಬಂಧವಿದೆಯೆಂಬುದು 1970ರ ದಶಕದಲ್ಲಿ ಸಿದ್ಧವಾಯಿತು. ವರ್ಣಪಟಲವೊಂದಕ್ಕೆ ಸೇರದ ಸಂಖ್ಯೆಗಳೂ ಇನ್ನೊಂದು ವರ್ಣಪಟಲವಾಗುತ್ತವೆಯೇ ಎಂದು 1955ರಲ್ಲಿ ಗುಂಟರ್ ಆಸರ್ ಕೇಳಿದುದಕ್ಕೆ ಇಂದಿಗೂ ಉತ್ತರ ದೊರೆತಿಲ್ಲ.