ಪಡುಗಡಲಿನ ತಳದ ಅಳತೆ

ಉಡುಪಿಯ ಸಮೀಪದ ಹೂಡೆಯು ಮೂಡಲಿಗೆ ಸುವರ್ಣಾ ನದಿಯನ್ನೂ ಪಡುವಲಿಗೆ ಅರಬ್ಬೀ ಸಮುದ್ರವನ್ನೂ ಉಳ್ಳ ಮರಳುನೆಲ. ಇದರ ಬಡಗಲಿಗೆ, ಕೋಡಿಬೆಂಗ್ರೆಯ ಬಳಿ, ನದಿಯು ಕಡಲನ್ನು ಸೇರುವ ಅಳಿವೆಯಿರುವುದು. ತೆಂಕಲಿಗೆ ಮಲ್ಪೆಯ ಬಂದರು. ಅಳಿವೆಯ ಮರಳದಿಬ್ಬವು ಮಳೆಗಾಲದ ನೆರೆಗೂ ತೆರೆಗಳ ಹೊಡೆತಕ್ಕೂ ಸಿಕ್ಕಿ ನೆಲೆ ಬದಲಿಸುವುದರಿಂದ, ಹೋದ ವರ್ಷ ದೋಣಿ ಸಾಗಿದ ದಾರಿಯಲ್ಲಿಯೇ ಈ ವರ್ಷ ಅದರ ಅಡಿ ನೆಲಕ್ಕೆ ತಾಗಬಹುದು. ಇಂತಹ ತೀರದಲ್ಲಿ ದೋಣಿಯ ಕೆಳಗೆ ಎಷ್ಟು ನೀರಿದೆಯೆಂಬುದು ಪ್ರಾಣದ ಪ್ರಶ್ನೆಯೇ ಸರಿ.

ಆಳವನ್ನಳೆಯಲು ನಮ್ಮ ಭಾಷೆಯಲ್ಲಿರುವ ಮಾತು ಮಾರು. ಎರಡು ತೋಳುಗಳನ್ನೂ ಚಾಚಿದಾಗ ದೊರೆಯುವ ಉದ್ದ. ಇಂಗ್ಲಿಷರ ಫ್ಯಾದಮ್ ಎಂಬುದರ ಮೂಲಾರ್ಥವೂ ಇದೇ. ಹಗ್ಗವನ್ನು ಮೇಲಕ್ಕೆಳೆಯುವವನ ತೋಳುಗಳೇ ಎರಡು ಕಡೆಯಲ್ಲಿಯೂ ಅಳತೆಗೋಲಾದುವೆಂದು ತೋರುತ್ತದೆ. ಹಡಗಿನವರು ಸೀಸದ ಗುಂಡಿಗೆ ಕಟ್ಟಿದ ಹಗ್ಗದಲ್ಲಿ 20 ಮಾರುಗಳವರೆಗೆ ಗುರುತುಗಳನ್ನಿಡುತ್ತಿದ್ದರು. 2 ಮಾರಿಗೆ ಎರಡು ಚರ್ಮದ ಪಟ್ಟಿ, 3 ಮಾರಿಗೆ ಮೂರು, 5ಕ್ಕೆ ಬಿಳಿಯ ಬಟ್ಟೆ, 7ಕ್ಕೆ ಕೆಂಪು ಬಟ್ಟೆ. ಕತ್ತಲೆಯಲ್ಲಿ ಕೈಯಿಂದ ಮುಟ್ಟಿಯೇ ತಿಳಿಯುವಂತೆ ಇವುಗಳ ನೇಯ್ಗೆಯೂ ಬೇರೆ ಬೇರೆ. ಗುಂಡಿನ ಅಡಿಯ ಕುಳಿಯಲ್ಲಿ ತುಂಬಿದ ಪ್ರಾಣಿಕೊಬ್ಬಿಗೆ ತಳದ ಮರಳೋ ಕೆಸರೋ ಚಿಪ್ಪೋ ಅಂಟಿ ಬರುತ್ತಿದ್ದಿತು. 1874ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸಮುದ್ರ ಮೋಜಣಿ ಇಲಾಖೆಯ ಕಾಲದಲ್ಲಿಯೂ ಸಾಧನವು ಮುಖ್ಯವಾಗಿ ಇದೇ ಆಗಿದ್ದಿತು.

ಆದರೆ ಗುಂಡು ತಾನು ಬಿದ್ದ ಸ್ಥಳವೊಂದನ್ನು ಮಾತ್ರ ಬಲ್ಲದು. ಎರಡು ಅಳತೆಗಳ ನಡುವೆ ಬಂಡೆಯಿದ್ದರೆ ನಕಾಶೆಗೆ ಅದು ಕಾಣದು.

ಈ ಕೊರತೆಯನ್ನು ನೀಗಿಸಿದುದು ಶಬ್ದ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹಿಮಗಡ್ಡೆಗಳನ್ನು ಪ್ರತಿಧ್ವನಿಯಿಂದ ಗುರುತಿಸುವ ಯತ್ನಗಳು ನಡೆದುವು. ಜರ್ಮನಿಯ ಅಲೆಕ್ಸಾಂಡರ್ ಬೇಮ್ ಎಂಬಾತನು ಅದೇ ಉಪಾಯವನ್ನು ಕಡಲ ಆಳಕ್ಕೆ ಪ್ರಯೋಗಿಸಿದನು. ಫ್ರಾನ್ಸಿನ ಲಾಂಜೆವಿನ್ ಮೊದಲನೆಯ ಮಹಾಯುದ್ಧದಲ್ಲಿ ಸ್ಫಟಿಕದಿಂದ ಶ್ರವಣಾತೀತ ಧ್ವನಿಯನ್ನು ಹೊರಡಿಸಿದನು. ಸಮುದ್ರದ ನೀರಿನಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು 1500 ಮೀಟರು. 60 ಮೀಟರಿನ ತಳಕ್ಕೆ ಹೋಗಿ ಮರಳಲು ಸೆಕೆಂಡಿನ ನೂರರಲ್ಲಿ ಎಂಟು ಪಾಲು ಸಾಕು. ಅರಬ್ಬೀ ಸಮುದ್ರದಲ್ಲಿ ಈ ಯಂತ್ರದಿಂದ ವಿಸ್ತಾರವಾಗಿ ಅಳತೆ ನಡೆಸಿದುದು 1933-34ರಲ್ಲಿ, ಸೆಮೂರ್ ಸ್ಯೂವೆಲ್ಲರ ನಾಯಕತ್ವದ ಮಬಾಹಿಸ್ ಎಂಬ ಈಜಿಪ್ಟಿನ ಹಡಗು. ಅನಂತರ ಕಾಗದದ ಸುರುಳಿಯ ಗೆರೆಗಳು ಅಂಕೆಗಳಾದುವು. ಇಂದು ಪ್ರತಿಯೊಂದು ಪ್ರತಿಧ್ವನಿಯೊಡನೆ ಉಪಗ್ರಹದಿಂದ ತಿಳಿದ ಸ್ಥಾನವೂ ಕಾಲವೂ ಗಣಕದಲ್ಲಿ ದಾಖಲಾಗುತ್ತವೆ. ಭರತ-ಇಳಿತಗಳ ತಿದ್ದುಪಡಿಯಿಲ್ಲದ ಆಳದ ಅಂಕೆಗೆ ಬೆಲೆಯಿಲ್ಲವಾದುದರಿಂದ, ಕಾಲದ ದಾಖಲೆಯು ಆಳದ ದಾಖಲೆಯಷ್ಟೇ ಮುಖ್ಯವೆನ್ನಬೇಕು.

ಇದರ ಪ್ರಯೋಜನವನ್ನು ಈ ತೀರವು ದುಃಖದಿಂದಲೇ ಕಂಡಿತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ಬೋಟು ಏಳು ಮಂದಿಯೊಡನೆ ಕಣ್ಮರೆಯಾಯಿತು. ನಾಲ್ಕು ತಿಂಗಳಿಗೂ ಮಿಕ್ಕಿ ಬೋಟು ಪತ್ತೆಯಾಗಲಿಲ್ಲ. 2019ರ ಮೇ ತಿಂಗಳ ಮೊದಲಲ್ಲಿ ನೌಕಾದಳದ ನಿರೀಕ್ಷಕ್ ಎಂಬ ಹಡಗು, ಮಹಾರಾಷ್ಟ್ರದ ಮಾಲ್ವಣ ತೀರದಿಂದ ಸುಮಾರು 33 ಕಿಲೋಮೀಟರು ಹೊರಗೆ, ಸುಮಾರು 60 ಮೀಟರು, ಅಂದರೆ 33 ಮಾರು ಆಳದಲ್ಲಿ ಅದರ ಅವಶೇಷವನ್ನು ಪತ್ತೆಮಾಡಿತು. ಅಷ್ಟು ಆಳವು ಗುಂಡಿಗೂ ಎಟಕುವುದೇ. ಆದರೆ ಆ ಹರವಿನಲ್ಲಿ ಗುಂಡು ಎಸೆದು ಒಂದು ಬೋಟನ್ನು ಹುಡುಕುವುದು ಸಾಧ್ಯವಿರಲಿಲ್ಲ. ಆದರೂ ಸೋನಾರ್ ತೋರಿಸಿದುದು ಒಂದು ಆಕಾರವನ್ನು ಮಾತ್ರ. ಹಿಂದೆ ಕೊಬ್ಬಿಗೆ ಅಂಟಿ ಬಂದ ಮರಳನ್ನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಂತೆ, ಇಲ್ಲಿಯೂ ಮುಳುಗುಗಾರರು ಕೆಳಗಿಳಿದು ನೋಡಿದ ಮೇಲೆಯೇ ಅದು ಮಲ್ಪೆಯ ಬೋಟೆಂಬುದು ನಿಶ್ಚಯವಾಯಿತು.